ಲಾಲ್‌ಬಾಗ್ ಕೆರೆ ಸುತ್ತಿ ಹಸಿವಾದರೆ ಎಲ್ಲಿ ತಿನ್ನೋದು? ಮೊದಲು ಗೇಟ್ ಆರಿಸಿ

"ಲಾಲ್‌ಬಾಗ್‌ಗೆ ಹೋಗ್ತಿದ್ದೀವಿ, ಅಲ್ಲೇ ಹತ್ತಿರ ಒಳ್ಳೆ ತಿಂಡಿ ಎಲ್ಲಿ ಸಿಗುತ್ತೆ?" ಓದುಗರು ಪದೇ ಪದೇ ಕೇಳುವ ಪ್ರಶ್ನೆ ಇದು. ಊರಿಂದ ನೆಂಟರು ಬರುವ ರಜೆಗಳಲ್ಲಿ, ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ಇನ್ನೂ ಜಾಸ್ತಿ. ಒಂದು ಹೋಟೆಲಿನ ಹೆಸರು ಹೇಳಿ ಕೈತೊಳೆದುಕೊಳ್ಳಬಹುದು. ಆದರೆ ನೀವು ಹೋದ ದಿನವೇ ಆ ಹೋಟೆಲಿಗೆ ವಾರದ ರಜೆ ಇರಬಹುದು. ಅಥವಾ ನೀವು ತೋಟದ ಇನ್ನೊಂದು ತುದಿಯಲ್ಲಿ ಹೊರಬಿದ್ದು, ಬಿಸಿಲಲ್ಲಿ ಎರಡು ಕಿಲೋಮೀಟರ್ ನಡೆಯಬೇಕಾಗಬಹುದು. ಹಾಗಾಗಿ ನಾನು ಮೊದಲು ಕೇಳುವುದು ಒಂದೇ: ಯಾವ ಗೇಟಿನಿಂದ ಹೊರಗೆ ಬರ್ತೀರಿ?

ಯಾಕೆ ಅಂತೀರಾ? ಲಾಲ್‌ಬಾಗ್ 240 ಎಕರೆಯ ತೋಟ. 1760ರಲ್ಲಿ ಹೈದರಾಲಿ ಶುರು ಮಾಡಿದಾಗ ಇಷ್ಟು ದೊಡ್ಡದಿರಲಿಲ್ಲ, ಆಮೇಲೆ ಬೆಳೆಯುತ್ತಾ ಬಂತು. ಕೆರೆ ಇರುವುದು ತೋಟದ ದಕ್ಷಿಣ ಭಾಗದಲ್ಲಿ. ಹೆಸರಾದ ಹೋಟೆಲುಗಳು ಇರುವುದು ಉತ್ತರಕ್ಕೆ ಮತ್ತು ಪಶ್ಚಿಮಕ್ಕೆ. ಸುತ್ತಲೂ ಗೋಡೆ. ಎಲ್ಲಿ ಬೇಕಾದರೆ ಅಲ್ಲಿ ಹೊರಗೆ ಹಾರೋಕೆ ಆಗಲ್ಲ ಅಲ್ವಾ? ಈ ಒಂದು ವಿಷಯ ತಲೆಯಲ್ಲಿಟ್ಟುಕೊಂಡರೆ ಉಳಿದದ್ದೆಲ್ಲ ಸುಲಭ.

ಹೊರಡುವ ಮುಂಚೆ ಏನೇನು ಬೇಕು

ಜಾಸ್ತಿ ಏನೂ ಬೇಡ. ಸ್ಟೀಲ್ ನೀರಿನ ಬಾಟಲಿ, ಸ್ವಲ್ಪ ಚಿಲ್ಲರೆ, ಚಾರ್ಜ್ ಇರುವ ಫೋನು, ಕೈ ಒರೆಸಲು ಒಂದು ಕರ್ಚೀಫು. ಫೋನಿನಲ್ಲಿ ದುಡ್ಡು ಕೊಡುವುದು ಈಗ ಬಹುತೇಕ ಎಲ್ಲ ಕಡೆ ನಡೆಯುತ್ತದೆ. ಆದರೂ ಭಾನುವಾರ ಬೆಳಗ್ಗೆ ಕೌಂಟರ್ ಮುಂದೆ ನೂಕುನುಗ್ಗಲು ಇರುವಾಗ ನೆಟ್‌ವರ್ಕ್ ಕೈಕೊಟ್ಟರೆ, ನೂರರ ಎರಡು ನೋಟು ನಿಮ್ಮ ಮಾನ ಉಳಿಸುತ್ತವೆ.

ಒಂದು ಸಲ ಬಳಸಿ ಬಿಸಾಡುವ ಪ್ಲಾಸ್ಟಿಕ್‌ಗೆ ತೋಟದಲ್ಲಿ ಅವಕಾಶವಿಲ್ಲ. ಚಿತ್ರಾನ್ನ ಕಟ್ಟಿಕೊಂಡು ಹೋಗಿ ಕೆರೆ ದಂಡೆಯಲ್ಲಿ ಕೂತು ತಿನ್ನುವ ಯೋಚನೆ ಇದ್ದರೆ ಬಿಡಿ. ಅದು ಸಸ್ಯತೋಟ, ಪಿಕ್ನಿಕ್ ಜಾಗ ಅಲ್ಲ. ಕೆರೆಯ ಮೀನಿಗೆ ಪುರಿ, ಬ್ರೆಡ್ಡು ಎಸೆಯುವುದೂ ಬೇಡ, ನೀರು ಕೆಡುತ್ತದೆ. ಒಳಗೆ ಬಾಯಾರಿದರೆ ಹಾಪ್‌ಕಾಮ್ಸ್ ಮಳಿಗೆಯಲ್ಲಿ ಹಣ್ಣು, ಜ್ಯೂಸು ಸಿಗುತ್ತದೆ. ಹಾಪ್‌ಕಾಮ್ಸ್ ಅಂದರೆ ತೋಟಗಾರಿಕೆ ಬೆಳೆಗಾರರ ಸಹಕಾರ ಸಂಘ, ಹೊರಗೆ ಬೀದಿ ಬೀದಿಯಲ್ಲಿ ಹಸಿರು ಮಳಿಗೆ ನೋಡಿರುತ್ತೀರಲ್ಲ, ಅದೇ. ಊಟ, ತಿಂಡಿಗೆ ಮಾತ್ರ ಹೊರಗೇ ಬರಬೇಕು.

ಇನ್ನೊಂದು ಮುಜುಗರದ ಆದರೆ ಮುಖ್ಯವಾದ ವಿಷಯ. ಮುಂದೆ ಹೇಳುವ ಹೋಟೆಲುಗಳಲ್ಲಿ ಕೆಲವು ನಿಂತು ತಿನ್ನುವ ಪುಟ್ಟ ಜಾಗಗಳು. ಅಲ್ಲಿ ಶೌಚಾಲಯ ಇರುತ್ತದೆ ಎಂದು ನಂಬಿ ಹೋಗಬೇಡಿ. ತೋಟದಿಂದ ಹೊರಡುವ ಮುಂಚೆಯೇ ಮುಗಿಸಿಕೊಳ್ಳಿ. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಇದು ತಿಂಡಿಗಿಂತ ದೊಡ್ಡ ವಿಷಯ.

ಹಂತ 1: ಗೇಟ್ ನಿರ್ಧಾರ ಮಾಡಿ

ಮೂರು ದಿಕ್ಕು ನೆನಪಿಡಿ, ಸಾಕು.

ಉತ್ತರಕ್ಕೆ ಮುಖ್ಯ ಗೇಟ್. ಗಾಜಿನ ಮನೆಗೆ ನೇರ ಹೋಗುವ ದಾರಿ ಇದು. ಇಲ್ಲಿ ಹೊರಗೆ ಬಂದರೆ ನೀವು ಮಾವಳ್ಳಿ ಕಡೆ, ಅಂದರೆ ಎಂಟಿಆರ್ ಹೋಟೆಲಿನ ಕಡೆ ಇದ್ದೀರಿ.

ಪಶ್ಚಿಮಕ್ಕೆ ವೆಸ್ಟ್ ಗೇಟ್. ಆರ್.ವಿ. ರಸ್ತೆ, ವಾಣಿವಿಲಾಸ ರಸ್ತೆ ಸೇರುವ ಕಡೆ. ಹಸಿರು ಮಾರ್ಗದ ಲಾಲ್‌ಬಾಗ್ ಮೆಟ್ರೋ ನಿಲ್ದಾಣವೂ ಇದೇ ಬದಿಗಿದೆ. ಇಲ್ಲಿಂದ ವಿ.ವಿ. ಪುರಂ, ಬಸವನಗುಡಿ, ಗಾಂಧಿ ಬಜಾರು, ಶಂಕರಪುರ ಎಲ್ಲವೂ ನಡೆದು ಹೋಗುವಷ್ಟು ದೂರ. ತಿನ್ನುವ ಉದ್ದೇಶವೇ ಮುಖ್ಯ ಅಂದರೆ ಕಣ್ಣು ಮುಚ್ಚಿಕೊಂಡು ಈ ಗೇಟ್ ಆರಿಸಿ.

ದಕ್ಷಿಣಕ್ಕೆ ಸಿದ್ದಾಪುರ, ಅಶೋಕ ಪಿಲ್ಲರ್ ಕಡೆ. ಕೆರೆಗೆ ಹತ್ತಿರ ಇದೇ. ಆದರೆ ಹೊರಗೆ ಬಂದ ತಕ್ಷಣ ಹೆಸರಾದ ಹೋಟೆಲ್ ಕಣ್ಣಿಗೆ ಬೀಳಲ್ಲ. ಜಯನಗರದ ಒಳಗೆ ಹೋಗಬೇಕು, ಆಟೋ ಹಿಡಿಯುವುದೇ ಮೇಲು.

ಎಲ್ಲರೂ ಬೀಳುವ ಗುಂಡಿ ಇಲ್ಲೇ ಇದೆ. ಕೆರೆ ಪಕ್ಕ ನಿಂತುಕೊಂಡು ಫೋನಿನ ಮ್ಯಾಪಿನಲ್ಲಿ "ಹತ್ತಿರದ ಹೋಟೆಲ್" ಎಂದು ಹುಡುಕುತ್ತಾರೆ. ಅದು ನಿಮ್ಮ ಸುತ್ತ ಒಂದು ಗೆರೆ ಎಳೆದು, ಅದರೊಳಗೆ ಬಂದದ್ದನ್ನೆಲ್ಲ ತೋರಿಸುತ್ತದೆ. ನಡುವೆ ಗೋಡೆ ಇದೆ ಅನ್ನುವುದು ಆ ಪಟ್ಟಿಗೆ ಗೊತ್ತಿರುವುದಿಲ್ಲ. ಐನೂರು ಮೀಟರ್ ಎಂದು ಕಾಣುವ ಹೋಟೆಲಿಗೆ ಹೋಗಲು ನೀವು ತೋಟದೊಳಗೆ ಉತ್ತರಕ್ಕೆ ನಡೆದು, ಗೇಟ್ ದಾಟಿ, ಮತ್ತೆ ಹೊರಗಿನಿಂದ ದಕ್ಷಿಣಕ್ಕೆ ಸುತ್ತಿ ಬರಬೇಕಾಗಬಹುದು.

ಹಾಗಾಗಿ ಹೀಗೆ ಮಾಡಿ. ಮ್ಯಾಪಿನಲ್ಲಿ ಹೊರಡುವ ಜಾಗ ಎಂದು "ಲಾಲ್‌ಬಾಗ್ ವೆಸ್ಟ್ ಗೇಟ್" ಅಥವಾ "ಲಾಲ್‌ಬಾಗ್ ಮೇನ್ ಗೇಟ್" ಅಂತಲೇ ಬರೆಯಿರಿ. ಹೋಗಬೇಕಾದ ಜಾಗಕ್ಕೆ ಹೋಟೆಲಿನ ಹೆಸರು ಹಾಕಿ. ನಡಿಗೆಯ ಗುರುತು ಒತ್ತಿ. ಆಗ ಬರುವ ನಿಮಿಷಗಳನ್ನು ನಂಬಬಹುದು. ಅದಕ್ಕೆ ಕೆರೆಯಿಂದ ಗೇಟಿನವರೆಗಿನ ನಡಿಗೆ ಸೇರಿಸಿ. ಮುಖ್ಯ ಗೇಟಿಗಾದರೆ ಕಾಲು ಗಂಟೆಗಿಂತ ಜಾಸ್ತಿಯೇ ಹಿಡಿಯುತ್ತದೆ, ಅಜ್ಜಿ ಜೊತೆಗಿದ್ದರೆ ಅರ್ಧ ಗಂಟೆ ಎನ್ನಿ.

ಕಾರಿನಲ್ಲಿ ಬರುವವರಿಗೆ ಒಂದು ಮಾತು. ಗಾಡಿ ಒಂದು ಗೇಟಿನಲ್ಲಿ, ತಿಂಡಿ ಇನ್ನೊಂದು ಗೇಟಿನಲ್ಲಿ ಆದರೆ ತಿಂದ ಮೇಲೆ ಮತ್ತೆ ತೋಟ ಸುತ್ತಿಕೊಂಡು ಬರಬೇಕು. ಟಿಕೆಟ್ ಒಂದು ಸಲದ ಪ್ರವೇಶಕ್ಕೆ ಎಂದೇ ಲೆಕ್ಕ ಇಟ್ಟುಕೊಳ್ಳಿ. ತಿಂಡಿ ಯಾವ ಕಡೆಯೋ ಗಾಡಿಯೂ ಆ ಕಡೆಯೇ ಇರಲಿ. ಇಲ್ಲವೇ ಸುಮ್ನೆ ಮೆಟ್ರೋದಲ್ಲಿ ಬನ್ನಿ. ಹಳದಿ ಮಾರ್ಗದಿಂದ ಬರುವವರು ಆರ್.ವಿ. ರೋಡ್ ನಿಲ್ದಾಣದಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿದರೆ ಜಯನಗರ, ಸೌತ್ ಎಂಡ್ ಸರ್ಕಲ್ ಆದ ಮೇಲೆ ಲಾಲ್‌ಬಾಗ್.

ಹಂತ 2: ಯಾವ ವಾರ ಎಂದು ನೋಡಿ

ಈ ಭಾಗದ ಹಳೆಯ ಹೋಟೆಲುಗಳಿಗೆ ವಾರದ ರಜೆ ಇದೆ. ಅದೂ ಒಬ್ಬೊಬ್ಬರಿಗೆ ಒಂದೊಂದು ದಿನ. ಇದನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ:

ಎಂಟಿಆರ್, ಲಾಲ್‌ಬಾಗ್ ರಸ್ತೆ: ಸೋಮವಾರ ರಜೆ.
ವಿದ್ಯಾರ್ಥಿ ಭವನ, ಗಾಂಧಿ ಬಜಾರು: ಶುಕ್ರವಾರ ರಜೆ.
ಬ್ರಾಹ್ಮಿನ್ಸ್ ಕಾಫಿ ಬಾರ್, ಶಂಕರಪುರ: ಭಾನುವಾರ ರಜೆ.

ಇದರಲ್ಲಿ ಜನ ಹೆಚ್ಚು ಏಮಾರುವುದು ಮೂರನೆಯದರಲ್ಲಿ. ಭಾನುವಾರ ತಾನೇ ಎಲ್ಲರೂ ಲಾಲ್‌ಬಾಗ್‌ಗೆ ಬರುವುದು! ದೂರದ ಬಡಾವಣೆಯಿಂದ ಮೂರು ಜನ ಒಂದು ಸ್ಕೂಟರಿನಲ್ಲಿ ಬಂದು, ಮುಚ್ಚಿದ ಷಟರ್ ಮುಂದೆ ನಿಂತು ಒಬ್ಬರನ್ನೊಬ್ಬರು ಬೈದುಕೊಳ್ಳುವುದು ಅಲ್ಲಿ ಮಾಮೂಲು ದೃಶ್ಯ.

ಹಬ್ಬದ ದಿನ ಈ ಲೆಕ್ಕ ಬದಲಾಗುತ್ತದೆ. ಯುಗಾದಿ, ದೀಪಾವಳಿ, ಗೌರಿ-ಗಣೇಶದ ಆಸುಪಾಸಿನಲ್ಲಿ ಹೋಗುವುದಾದರೆ ಹೊರಡುವ ಮುಂಚೆ ಒಂದು ಫೋನ್ ಮಾಡಿ ಕೇಳಿ. ಮ್ಯಾಪ್ "ತೆರೆದಿದೆ" ಎಂದು ತೋರಿಸಿದ ಮಾತ್ರಕ್ಕೆ ತೆರೆದಿರಬೇಕೆಂದಿಲ್ಲ.

ಹಂತ 3: ಗಂಟೆ ನೋಡಿ

ತೋಟ ಬೆಳಗ್ಗೆ 6ಕ್ಕೆ ತೆಗೆದು ಸಂಜೆ 7ಕ್ಕೆ ಮುಚ್ಚುತ್ತದೆ. ಹೋಟೆಲುಗಳ ಗಡಿಯಾರ ಬೇರೆ. ಹಳೇ ಬೆಂಗಳೂರಿನ ತಿಂಡಿ ಹೋಟೆಲುಗಳು ಬೆಳಗ್ಗೆ ಆರೂವರೆ ಹೊತ್ತಿಗೆಲ್ಲ ಶುರುವಾಗಿ, ಹನ್ನೊಂದು-ಹನ್ನೆರಡಕ್ಕೆ ಒಂದು ಸುತ್ತು ಮುಗಿಸಿ, ಮಧ್ಯಾಹ್ನ ಬಾಗಿಲು ಹಾಕಿ, ಎರಡು-ಮೂರು ಗಂಟೆ ಮೇಲೆ ಮತ್ತೆ ತೆಗೆಯುತ್ತವೆ. ಎಂಟಿಆರ್‌ನಲ್ಲಿ ನಡುವೆ ಊಟದ ಸರದಿಯೂ ಇದೆ, ಹನ್ನೆರಡೂವರೆಯಿಂದ ಎರಡೂವರೆ ಹೊತ್ತಿಗೆ. ಆ ಹೊತ್ತಲ್ಲಿ ಹೋಗಿ ಮಸಾಲೆ ದೋಸೆ ಕೇಳಿದರೆ ಸಿಗಲ್ಲ. ಊಟ ಮುಗಿದು ತಿಂಡಿ ಶುರುವಾಗುವ ನಡುವಿನ ಹೊತ್ತಲ್ಲಿ ಹೋದರೆ ಏನೂ ಸಿಗಲ್ಲ.

ನನ್ನ ಸಲಹೆ ಇದು. ಬೆಳಗ್ಗೆ ಬರುವವರು ಆರು, ಆರೂವರೆಗೆ ತೋಟದೊಳಗೆ ಹೋಗಿ, ಕೆರೆ ಸುತ್ತಿ, ಎಂಟರೊಳಗೆ ಹೊರಗೆ ಬಂದುಬಿಡಿ. ಎಂಟೂವರೆ ದಾಟಿದರೆ, ಅದರಲ್ಲೂ ಶನಿವಾರ, ಭಾನುವಾರ, ಕ್ಯೂ ಉದ್ದವಾಗುತ್ತಲೇ ಹೋಗುತ್ತದೆ. ಸಂಜೆ ಬರುವವರು ನಾಲ್ಕಕ್ಕೆ ಒಳಗೆ ಹೋಗಿ ಆರರ ಹೊತ್ತಿಗೆ ವೆಸ್ಟ್ ಗೇಟಿನಲ್ಲಿ ಹೊರಬಿದ್ದರೆ ವಿ.ವಿ. ಪುರಂನ ತಿಂಡಿ ಬೀದಿ ಆಗಷ್ಟೇ ಬಿಸಿಯಾಗಿರುತ್ತದೆ.

ಮಧ್ಯಾಹ್ನ ಹನ್ನೊಂದೂವರೆಯಿಂದ ಮೂರರವರೆಗೆ? ಅದು ಊಟದ ಹೊತ್ತು, ತಿಂಡಿಯ ಹೊತ್ತಲ್ಲ. ದೋಸೆಯ ಆಸೆ ಬಿಟ್ಟು ಊಟಕ್ಕೆ ಮನಸ್ಸು ಮಾಡಿ.

ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯ ದಿನದ ಹೊತ್ತಿಗೆ ಗಾಜಿನ ಮನೆಯಲ್ಲಿ ಫಲಪುಷ್ಪ ಪ್ರದರ್ಶನ ಇರುತ್ತದೆ. ಆ ದಿನಗಳಲ್ಲಿ ಮೇಲೆ ಹೇಳಿದ ಲೆಕ್ಕಾಚಾರವೆಲ್ಲ ತಲೆಕೆಳಗು. ಯಾವ ಗೇಟಿನಲ್ಲಿ ಒಳಗೆ ಬಿಡುತ್ತಾರೆ, ಯಾವುದರಲ್ಲಿ ಹೊರಗೆ ಕಳಿಸುತ್ತಾರೆ ಎಂದು ಟಿಕೆಟ್ ತೆಗೆಯುವಾಗಲೇ ಕೇಳಿಕೊಳ್ಳಿ. ಮೊದಲು ತಿಂಡಿ ತಿಂದು ಆಮೇಲೆ ತೋಟಕ್ಕೆ ಹೋಗುವುದು ಆಗ ಜಾಣತನ.

ಹಂತ 4: ಮುಖ್ಯ ಗೇಟಿನಲ್ಲಿ ಹೊರಗೆ ಬಂದರೆ

ಇಲ್ಲಿ ಎಂಟಿಆರ್ ಬಿಟ್ಟು ಬೇರೆ ಹೆಸರು ಹೇಳಿದರೆ ನೀವೇ ನನ್ನನ್ನು ನಂಬಲ್ಲ. ಗೇಟಿನಿಂದ ಲಾಲ್‌ಬಾಗ್ ರಸ್ತೆ ಹಿಡಿದು ಊರ್ವಶಿ ಚಿತ್ರಮಂದಿರದ ಕಡೆ ನಡೆದರೆ ಐದು-ಹತ್ತು ನಿಮಿಷ. ಪೂರ್ತಿ ಹೆಸರು ಮಾವಳ್ಳಿ ಟಿಫಿನ್ ರೂಮ್ಸ್. 1924ರಲ್ಲಿ ಉಡುಪಿ ಕಡೆಯ ಮಯ್ಯ ಸೋದರರು ಶುರು ಮಾಡಿದ್ದು. ಊರಲ್ಲಿ ಈಗ ಇದರ ಶಾಖೆಗಳು ಹಲವಾರು ಇವೆ. ಮ್ಯಾಪಿನಲ್ಲಿ ಬರೀ "ಎಂಟಿಆರ್" ಎಂದು ಹಾಕಿದರೆ ಇನ್ನೆಲ್ಲಿಗೋ ಕರೆದುಕೊಂಡು ಹೋದೀತು. "ಎಂಟಿಆರ್ ಲಾಲ್‌ಬಾಗ್ ರೋಡ್" ಎಂದೇ ಹಾಕಿ.

ಒಳಗೆ ಹೋದ ತಕ್ಷಣ ಕುರ್ಚಿ ಹುಡುಕಬೇಡಿ. ಮೊದಲು ಹೆಸರು ಬರೆಸಿ, ಎಷ್ಟು ಜನ ಎಂದು ಹೇಳಿ, ಕಾಯಿರಿ. ಕರೆದಾಗ ಹತ್ತಿರ ಇರಬೇಕು. ಫೋಟೋ ತೆಗೆಯಲು ಬೀದಿಗೆ ಹೋದರೆ ಸರದಿ ತಪ್ಪುತ್ತದೆ. ಇಬ್ಬರೇ ಇದ್ದರೆ ಬೇಗ ಜಾಗ ಸಿಗುತ್ತದೆ, ಏಕೆಂದರೆ ಗುರುತಿಲ್ಲದವರ ಜೊತೆ ಒಂದೇ ಮೇಜಿನಲ್ಲಿ ಕೂರಿಸುತ್ತಾರೆ. ಇದಕ್ಕೆ ಮುಖ ಸಿಂಡರಿಸಬೇಡಿ. ಎದುರಿಗೆ ಕೂತವರ ತಟ್ಟೆ ನೋಡಿ ಏನು ಹೇಳಬೇಕು ಎಂದು ತೀರ್ಮಾನಿಸಬಹುದು. ಎಂಟು-ಹತ್ತು ಜನರ ಗುಂಪು ಬಂದು ಎಲ್ಲರಿಗೂ ಒಟ್ಟಿಗೆ ಜಾಗ ಬೇಕು ಎಂದು ಕೂತರೆ ಕಾಯುವುದು ಎರಡರಷ್ಟಾಗುತ್ತದೆ. ನಾಲ್ಕು ನಾಲ್ಕಾಗಿ ಒಡೆದುಕೊಳ್ಳಿ.

ಏನು ತಿನ್ನಬೇಕು? ಮೊದಲ ಸಲ ಅಂದರೆ ರವೆ ಇಡ್ಲಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ರವೆಯಲ್ಲಿ ಇಡ್ಲಿ ಮಾಡಿ ನೋಡಿದ್ದು ಇಲ್ಲೇ ಎಂಬುದು ಹೋಟೆಲಿನವರ ಮಾತು. ಮಾಮೂಲು ಇಡ್ಲಿಯ ಹಾಗೆ ಮಲ್ಲಿಗೆ ಮೃದು ಇರಲ್ಲ. ಸ್ವಲ್ಪ ತರಿತರಿ, ಮೇಲೆ ಒಂದು ಗೋಡಂಬಿ, ಒಗ್ಗರಣೆಯ ಸಾಸಿವೆ ಅಲ್ಲಲ್ಲಿ. ಜೊತೆಗೆ ಆಲೂಗಡ್ಡೆ ಸಾಗು, ಚಟ್ನಿ, ಪುಟ್ಟ ಬಟ್ಟಲಲ್ಲಿ ತುಪ್ಪ. ಬಿಸಿ ಇರುವಾಗಲೇ ತುಪ್ಪ ಸುರಿದು, ಒಂದು ನಿಮಿಷ ಬಿಟ್ಟು ಮುರಿಯಿರಿ. ತಣ್ಣಗಾದ ಮೇಲೆ ತುಪ್ಪ ಮೇಲೆಯೇ ನಿಲ್ಲುತ್ತದೆ, ಒಳಗಿಳಿಯಲ್ಲ. ಸಾಗು ಬಂದ ಮೇಲೆ ಸಾಂಬಾರ್ ಎಲ್ಲಿ ಎಂದು ಕೇಳಬೇಡಿ, ರವೆ ಇಡ್ಲಿಗೆ ಸಾಗುವೇ ಜೋಡಿ.

ಎಲ್ಲವನ್ನೂ ಒಂದೇ ಸಲ ಹೇಳಿಬಿಡುವುದು ಸಾಮಾನ್ಯ ತಪ್ಪು. ಇಬ್ಬರಿಗೆ ಒಂದು ರವೆ ಇಡ್ಲಿ, ಒಂದು ಮಸಾಲೆ ದೋಸೆ ಹೇಳಿ, ಹಂಚಿಕೊಂಡು ತಿಂದು, ಆಮೇಲೆ ಹೊಟ್ಟೆ ಏನು ಹೇಳುತ್ತದೋ ಕೇಳಿ. ದೋಸೆ ಇಲ್ಲಿ ದಪ್ಪ, ತುಪ್ಪವೂ ಧಾರಾಳ. ಗಾಂಧಿ ಬಜಾರಿನ ಗರಿಗರಿ ದೋಸೆ ತಿಂದು ಅಭ್ಯಾಸ ಇದ್ದವರಿಗೆ ಇದು ಬೇರೆ ಜಾತಿ ಅನಿಸುತ್ತದೆ. ಎರಡರಲ್ಲಿ ಯಾವುದು ಮೇಲು ಎಂಬ ಜಗಳಕ್ಕೆ ನಾನು ಬರಲ್ಲ. ಸರಿ, ಕೇಳಿದ್ದೀರಿ ಅಂತ ಹೇಳ್ತೀನಿ: ದೋಸೆಗೆ ಗಾಂಧಿ ಬಜಾರು, ರವೆ ಇಡ್ಲಿಗೆ ಮತ್ತು ಬಿಸಿಬೇಳೆ ಬಾತಿಗೆ ಮಾವಳ್ಳಿ.

ಮಧ್ಯಾಹ್ನದ ಊಟಕ್ಕೆ ಹೋಗುವುದಾದರೆ ಹಸಿದುಕೊಂಡೇ ಹೋಗಿ. ಒಂದಾದ ಮೇಲೊಂದು ಬಡಿಸುತ್ತಾ ಬರುತ್ತಾರೆ. ಬೆಳಗ್ಗೆ ಹತ್ತಕ್ಕೆ ತಿಂಡಿ ತಿಂದು ಒಂದಕ್ಕೆ ಈ ಊಟಕ್ಕೆ ಕೂರುವುದು ದುಡ್ಡು ದಂಡ.

ಹಂತ 5: ಬೆಳಗ್ಗೆ ವೆಸ್ಟ್ ಗೇಟಿನಲ್ಲಿ ಹೊರಗೆ ಬಂದರೆ

ಇಲ್ಲಿಂದ ವಾಣಿವಿಲಾಸ ರಸ್ತೆ ಹಿಡಿದು ನ್ಯಾಷನಲ್ ಕಾಲೇಜು ಕಡೆ ನಡೆಯಿರಿ. ಕಾಲೇಜಿನ ವೃತ್ತದಲ್ಲಿ ಎಡಕ್ಕೆ ಹೋದರೆ ಗಾಂಧಿ ಬಜಾರು, ಬಲಗಡೆ ಒಳಗೆ ಹೋದರೆ ಶಂಕರಪುರ. ಎರಡೂ ಕಡೆಗೆ ಗೇಟಿನಿಂದ ಇಪ್ಪತ್ತು ನಿಮಿಷದ ಆಸುಪಾಸಿನ ನಡಿಗೆ. ಕೆರೆ ಸುತ್ತಿ ಕಾಲು ನೋಯುತ್ತಿದ್ದರೆ ಲಾಲ್‌ಬಾಗ್ ನಿಲ್ದಾಣದಿಂದ ಒಂದೇ ಒಂದು ಸ್ಟಾಪು, ನ್ಯಾಷನಲ್ ಕಾಲೇಜಿನಲ್ಲಿ ಇಳಿಯಿರಿ. ಆಟೋದವರು ಇಷ್ಟು ಹತ್ತಿರಕ್ಕೆ ಬರಲು ಗೊಣಗುತ್ತಾರೆ, ಬಂದರೂ ಮೀಟರಿನ ಮೇಲೆ ಕೇಳುತ್ತಾರೆ.

ವಿದ್ಯಾರ್ಥಿ ಭವನ ಶುರುವಾದದ್ದು 1943ರಲ್ಲಿ. ಹೆಸರೇ ಹೇಳುವ ಹಾಗೆ ಸುತ್ತಲಿನ ವಿದ್ಯಾರ್ಥಿಗಳಿಗಾಗಿ. ಈಗ ವಿದ್ಯಾರ್ಥಿಗಳಿಗಿಂತ ನಿವೃತ್ತರು ಜಾಸ್ತಿ ಕಾಣುತ್ತಾರೆ, ಭಾನುವಾರ ಬಿಟ್ಟರೆ. ಇಲ್ಲೂ ಹೆಸರು ಬರೆಸಿ ಕಾಯಬೇಕು. ಮಸಾಲೆ ದೋಸೆಯೇ ಇಲ್ಲಿನ ಮುಖ್ಯ ವಸ್ತು. ಹೊರಗೆ ಕೆಂಪಗೆ, ಗರಿಗರಿ, ಒಳಗೆ ಮೆತ್ತಗೆ. ಬಡಿಸುವವರು ಒಂದರ ಮೇಲೊಂದು ತಟ್ಟೆ ಪೇರಿಸಿಕೊಂಡು, ಮೊಳಕೈವರೆಗೂ ದೋಸೆ ಹೊತ್ತು ತರುತ್ತಾರೆ. ಫೋನ್ ಹಿಡಿದು ನಡುದಾರಿಯಲ್ಲಿ ನಿಲ್ಲಬೇಡಿ, ಅವರಿಗೆ ದಾರಿ ಬಿಡಿ. ಚಟ್ನಿ ತೆಳ್ಳಗಿರುತ್ತದೆ, ದೋಸೆಯ ಮೇಲೆಯೇ ಸುರಿದುಬಿಡುತ್ತಾರೆ. ನಿಮಗೆ ಬೇರೆಯಾಗಿ ಬೇಕಿದ್ದರೆ ಅವರು ಸೌಟು ಎತ್ತುವ ಮುಂಚೆಯೇ ಹೇಳಿ. ಸಾಂಬಾರ್ ಕೇಳಿ ಬೇಸರ ಮಾಡಿಕೊಳ್ಳಬೇಡಿ, ಇಲ್ಲಿ ದೋಸೆಗೆ ಚಟ್ನಿಯೇ ಗತಿ, ಅದೇ ಸೊಗಸು.

ಬ್ರಾಹ್ಮಿನ್ಸ್ ಕಾಫಿ ಬಾರ್ ಶಂಕರಮಠದ ಹತ್ತಿರ, ರಂಗರಾವ್ ರಸ್ತೆಯಲ್ಲಿ. 1965ರಿಂದ ಇದೆ. ಕೂರಲು ಮೇಜು, ಕುರ್ಚಿ ಇಲ್ಲ. ಟೋಕನ್ ತೆಗೆದುಕೊಂಡು, ಕೌಂಟರಿನಲ್ಲಿ ತಟ್ಟೆ ಪಡೆದು, ರಸ್ತೆ ಬದಿ ನಿಂತೋ ಕಟ್ಟೆ ಮೇಲೆ ಕೂತೋ ತಿನ್ನಬೇಕು. ಪಟ್ಟಿ ಚಿಕ್ಕದು: ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ. ಸಾಂಬಾರ್ ಇಲ್ಲಿ ಇಲ್ಲವೇ ಇಲ್ಲ. ಚಟ್ನಿ ಮಾತ್ರ ಕೇಳಿದಷ್ಟು ಹಾಕುತ್ತಾರೆ, ಅದಕ್ಕೆಂದೇ ಒಬ್ಬರು ಸೌಟು ಹಿಡಿದು ನಿಂತಿರುತ್ತಾರೆ. ಇಡ್ಲಿ ಮುಳುಗುವಷ್ಟು ಹಾಕಿಸಿಕೊಂಡು, ವಡೆಯನ್ನು ಅದರಲ್ಲೇ ಅದ್ದಿ ತಿನ್ನುವುದು ಇಲ್ಲಿನ ಕ್ರಮ. ಕಾಫಿಯನ್ನು ತಿಂಡಿಯ ಜೊತೆಗೇ ತೆಗೆದುಕೊಳ್ಳಬೇಡಿ. ಒಂದು ಕೈಯಲ್ಲಿ ತಟ್ಟೆ, ಇನ್ನೊಂದರಲ್ಲಿ ಸುಡುವ ಲೋಟ ಹಿಡಿದರೆ ತಿನ್ನುವ ಕೈ ಯಾವುದು? ತಟ್ಟೆ ಮುಗಿಸಿ ಆಮೇಲೆ ಟೋಕನ್ ತೋರಿಸಿ.

ಹೊಸಬರಿಗೆ ಕೆಲವು ಮಾತು ಬಿಡಿಸಿ ಹೇಳಬೇಕು. "ಖಾರಾಬಾತ್" ಅಂದರೆ ತರಕಾರಿ, ಮಸಾಲೆ ಹಾಕಿದ ಉಪ್ಪಿಟ್ಟು. ಅದರ ಜೊತೆ ಸಿಹಿ ಕೇಸರಿಬಾತ್ ಒಂದೇ ತಟ್ಟೆಯಲ್ಲಿ ಬಂದರೆ "ಚೌಚೌ ಬಾತ್". "ಬೈಟು" ಅಂದರೆ ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಂಚಿ ಕೊಡುವುದು. ಕೇಳಲು ನಾಚಿಕೆ ಬೇಡ, ಈ ಊರಲ್ಲಿ ಅದು ಜಿಪುಣತನ ಅಲ್ಲ. ಇನ್ನು "ದರ್ಶಿನಿ" ಅಂದರೆ ದುಡ್ಡು ಕೊಟ್ಟು ಟೋಕನ್ ಪಡೆದು, ನಾವೇ ತಟ್ಟೆ ತಂದು, ಎತ್ತರದ ಮೇಜಿನ ಬಳಿ ನಿಂತು ತಿನ್ನುವ ಹೋಟೆಲು. 1983ರಲ್ಲಿ ಜಯನಗರದ ಕೆಫೆ ದರ್ಶಿನಿಯಿಂದ ಹಬ್ಬಿದ ಪದ್ಧತಿ. ಈ ಸುತ್ತಮುತ್ತ ಯಾವ ಬೀದಿಗೆ ಹೋದರೂ ಒಂದು ದರ್ಶಿನಿ ಸಿಕ್ಕೇ ಸಿಗುತ್ತದೆ. ಹೆಸರಾದ ಹೋಟೆಲಿನಲ್ಲಿ ಒಂದು ಗಂಟೆ ಕಾಯಬೇಕು ಎಂದಾದರೆ ಹಟ ಹಿಡಿಯಬೇಡಿ. ಸ್ಥಳೀಯರು ತುಂಬಿರುವ, ತಟ್ಟೆ ಬೇಗ ಬೇಗ ಖಾಲಿಯಾಗುತ್ತಿರುವ ದರ್ಶಿನಿ ನೋಡಿ ನುಗ್ಗಿ. ಅಲ್ಲಿನ ಇಡ್ಲಿ ಬಿಸಿ ಇರುತ್ತದೆ, ಬೆಳಗಿನ ಹಸಿವಿಗೆ ಅಷ್ಟು ಸಾಕು. "ಎಸ್‌ಎಲ್‌ವಿ" ಎಂಬ ಬೋರ್ಡು ತುಂಬ ಕಡೆ ಕಾಣುತ್ತದೆ. ಎಲ್ಲವೂ ಒಬ್ಬರದೇ ಎಂದು ತಿಳಿಯಬೇಡಿ. ಒಂದು ಕಡೆ ಚೆನ್ನಾಗಿತ್ತು ಎಂದು ಇನ್ನೊಂದು ಕಡೆಯೂ ಅದೇ ರುಚಿ ಬರಬೇಕೆಂದಿಲ್ಲ.

ಕಾರ್ತಿಕ ಮಾಸದ ಕೊನೆಯ ಸೋಮವಾರದ ಹೊತ್ತಿಗೆ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ದೊಡ್ಡ ಬಸವಣ್ಣನ ಗುಡಿ ಸುತ್ತ, ಗಾಂಧಿ ಬಜಾರಿನ ತನಕ ಜನವೋ ಜನ. ಪರಿಷೆಗೇ ಬರುವುದಾದರೆ ಬನ್ನಿ, ದೋಸೆಗಾಗಿ ಆವತ್ತು ಬರಬೇಡಿ.

ಹಂತ 6: ಮಧ್ಯಾಹ್ನದ ಊಟ

ಎಂಟಿಆರ್ ಊಟ ಬೇಡ, ಆದರೆ ಕೂತು ಊಟ ಮಾಡಬೇಕು ಅಂದರೆ ಬುಲ್ ಟೆಂಪಲ್ ರಸ್ತೆಯಲ್ಲಿ ಬ್ಯೂಗಲ್ ರಾಕ್ ಹತ್ತಿರದ ಕಾಮತ್. ಉತ್ತರ ಕರ್ನಾಟಕದ ಜೋಳದ ರೊಟ್ಟಿ ಊಟ ಸಿಗುತ್ತದೆ. ಬೆಳಗಿಂದ ದೋಸೆ, ಇಡ್ಲಿ ತಿಂದು ಸಾಕಾದ ಹುಬ್ಬಳ್ಳಿ-ಧಾರವಾಡದ ನೆಂಟರನ್ನು ಇಲ್ಲಿಗೆ ಕರೆದುಕೊಂಡು ಹೋದರೆ ಖುಷಿಪಡುತ್ತಾರೆ. ವೆಸ್ಟ್ ಗೇಟಿನಿಂದ ಬಿಸಿಲಲ್ಲಿ ನಡೆಯುವಷ್ಟು ಹತ್ತಿರ ಅಲ್ಲ, ಆಟೋ ಹಿಡಿಯಿರಿ.

ಹಂತ 7: ಸಂಜೆ ವೆಸ್ಟ್ ಗೇಟಿನಲ್ಲಿ ಹೊರಗೆ ಬಂದರೆ

ನೇರ ಸಜ್ಜನರಾವ್ ವೃತ್ತದ ಕಡೆ ನಡೆಯಿರಿ, ಹದಿನೈದು ನಿಮಿಷದ ಒಳಗೆ ತಿಂಡಿ ಬೀದಿ. ವಿ.ವಿ. ಪುರಂ ಫುಡ್ ಸ್ಟ್ರೀಟ್ ಎಂದು ಕರೆಯುವುದು ಇದನ್ನೇ. ಹಗಲಲ್ಲಿ ಹೋದರೆ ಸಾಮಾನ್ಯ ಬೀದಿ, ಏನೂ ಇರಲ್ಲ. ಬೆಳಗ್ಗೆ ಹನ್ನೊಂದಕ್ಕೆ ಹೋಗಿ "ಎಲ್ಲಿ ರೀ ತಿಂಡಿ?" ಎಂದು ಹುಡುಕುವವರು ಈಗಲೂ ಇದ್ದಾರೆ. ದೀಪ ಹತ್ತುವ ಹೊತ್ತಿಗೆ ಹಂಚುಗಳೂ ಕಾಯುತ್ತವೆ. ಪೂರ್ತಿ ಸಸ್ಯಾಹಾರದ ಬೀದಿ ಇದು.

ಇಲ್ಲಿ ತಿನ್ನುವುದಕ್ಕೂ ಒಂದು ಕ್ರಮ ಬೇಕು. ಮೊದಲು ಏನೂ ಕೊಳ್ಳದೆ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು ನೋಡಿ. ಬೀದಿ ಉದ್ದವೇನಿಲ್ಲ. ಮೊದಲ ಅಂಗಡಿಯಲ್ಲೇ ಹೊಟ್ಟೆ ತುಂಬಿಸಿಕೊಂಡು, ಕೊನೆಯಲ್ಲಿ ಹೋಳಿಗೆ ನೋಡಿ ಕೈ ಕೈ ಹಿಸುಕಿಕೊಳ್ಳುವುದು ಎಲ್ಲರ ಕತೆ. ಮರಳಿ ಬರುವಾಗ ಕೊಳ್ಳಿ. ಒಂದೊಂದೇ ತಟ್ಟೆ, ಎಲ್ಲರೂ ಹಂಚಿಕೊಳ್ಳಿ.

ಖಾರದಿಂದ ಶುರು ಮಾಡಿ: ಅಕ್ಕಿ ರೊಟ್ಟಿ, ಪಡ್ಡು, ಮಸಾಲೆ ಪುರಿ. ಚಳಿಗಾಲದಲ್ಲಿ, ಡಿಸೆಂಬರಿನಿಂದ ಫೆಬ್ರವರಿ ತನಕ, ಅವರೆಕಾಯಿ ಸೊಗಡು ಏರಿದಾಗ ಬಂದರೆ ಅವರೆಬೇಳೆ ಹಾಕಿದ್ದು ಏನು ಸಿಕ್ಕಿದರೂ ಬಿಡಬೇಡಿ. ಇಲ್ಲೇ ಇರುವ ವಿ.ಬಿ. ಬೇಕರಿಯಲ್ಲಿ ಕಾಂಗ್ರೆಸ್ ಬನ್ ಕೇಳಿ. ರಾಜಕೀಯ ಅಲ್ಲ, ಮೆಣಸು-ಕರಿಬೇವು ಹಾಕಿ ಹುರಿದ ಕಡಲೆಕಾಯಿ ಬೀಜಕ್ಕೆ ಬೆಂಗಳೂರಿನ ಬೇಕರಿಗಳಲ್ಲಿ ಕಾಂಗ್ರೆಸ್ ಎನ್ನುತ್ತಾರೆ. ಬನ್ ಸೀಳಿ, ಬೆಣ್ಣೆ ಹಚ್ಚಿ, ಅದನ್ನು ತುಂಬಿ ಕೊಡುತ್ತಾರೆ. ಅಲ್ಲೇ ತಿನ್ನಿ. ಮನೆಗೆ ಕಟ್ಟಿಸಿಕೊಂಡು ಹೋದರೆ ಬೀಜ ಮೆತ್ತಗಾಗುತ್ತದೆ.

ಕೊನೆಗೆ ಹೋಳಿಗೆ. ಹಂಚಿನ ಮೇಲೆ ಆಗಷ್ಟೇ ಬೇಯುತ್ತಿರುವುದನ್ನೇ ಕೇಳಿ, ಪಕ್ಕದಲ್ಲಿ ಪೇರಿಸಿಟ್ಟದ್ದು ಬೇಡ. ಬೇಳೆಯದು, ಕಾಯಿಯದು ಎರಡೂ ಇರುತ್ತವೆ. ತುಪ್ಪ ಹಾಕಿ ಕೊಟ್ಟದ್ದನ್ನು ಕಾಗದದ ತಟ್ಟೆಯಲ್ಲಿ ಹಿಡಿದಾಗ ತಳ ಸುಡುತ್ತದೆ. ಮಕ್ಕಳ ಕೈಗೆ ನೇರ ಕೊಡಬೇಡಿ.

ಎಚ್ಚರಿಕೆ ಎರಡೇ. ಕುಡಿಯುವ ನೀರು ನಿಮ್ಮ ಬಾಟಲಿಯದೇ ಇರಲಿ. ಶನಿವಾರ, ಭಾನುವಾರ ಏಳೂವರೆ ಮೇಲೆ ಹೆಜ್ಜೆ ಇಡಲು ಜಾಗ ಇರಲ್ಲ, ಮಗುವಿನ ತಳ್ಳುಗಾಡಿ ತಂದರೆ ಫಜೀತಿ. ವಾರದ ನಡುವೆ ಬನ್ನಿ.

ಹಂತ 8: ದಕ್ಷಿಣದ ಕಡೆ ಹೊರಗೆ ಬಂದರೆ, ಅಥವಾ ಮಾಂಸದೂಟ ಬೇಕಾದರೆ

ಇಲ್ಲಿಯವರೆಗೆ ಹೇಳಿದ್ದೆಲ್ಲ ಸಸ್ಯಾಹಾರ. "ನಮಗೇನೂ ಇಲ್ವಾ?" ಎಂದು ಕೇಳುವವರು ಬಹಳ ಜನ. ಇದೆ, ಆದರೆ ತೋಟಕ್ಕೆ ಅಂಟಿಕೊಂಡಿಲ್ಲ. ಅಶೋಕ ಪಿಲ್ಲರ್ ಕಡೆ ಹೊರಗೆ ಬಂದು ಆಟೋ ಹಿಡಿದು ಜಯನಗರದ ಶಿವಾಜಿ ಮಿಲಿಟರಿ ಹೋಟೆಲಿಗೆ ಹೋಗಿ. ಮಿಲಿಟರಿ ಹೋಟೆಲ್ ಅಂದರೆ ಸೈನ್ಯದ್ದಲ್ಲ. ಮನೆಯ ರೀತಿ ಮಾಂಸದಡುಗೆ ಬಡಿಸುವ ಹಳೇ ಕಾಲದ ಹೋಟೆಲಿಗೆ ನಮ್ಮಲ್ಲಿ ಆ ಹೆಸರು. ಇಲ್ಲಿ ದೊನ್ನೆ ಬಿರಿಯಾನಿ ಪ್ರಸಿದ್ಧ. ಒಣಗಿದ ಎಲೆಯ ದೊನ್ನೆಯಲ್ಲಿ ಬಡಿಸುವ, ಸಣ್ಣಕ್ಕಿಯ, ಪುದೀನ-ಕೊತ್ತಂಬರಿಯ ಘಮದ ಬಿರಿಯಾನಿ.

ಇಂಥ ಹೋಟೆಲುಗಳ ಗುಟ್ಟು ಇಷ್ಟೇ: ಮಧ್ಯಾಹ್ನಕ್ಕೇ ಪಾತ್ರೆ ಖಾಲಿ. ಸಂಜೆಗೆಂದು ಇಟ್ಟುಕೊಳ್ಳಬೇಡಿ. ತೋಟದಿಂದ ಹನ್ನೊಂದೂವರೆಗೆ ಹೊರಟು ಹನ್ನೆರಡರ ಹೊತ್ತಿಗೆ ಅಲ್ಲಿದ್ದರೆ ಬೇಕಾದದ್ದು ಸಿಗುತ್ತದೆ. ಎರಡಕ್ಕೆ ಹೋದರೆ ಉಳಿದದ್ದು ಸಿಗುತ್ತದೆ.

ಸಸ್ಯಾಹಾರಿಗಳು ಈ ಕಡೆ ಬಂದರೆ ಜಯನಗರ 4ನೇ ಬ್ಲಾಕ್. ನಿಂತು ತಿನ್ನಲು, ಕಡಿಮೆ ದುಡ್ಡಿಗೆ, "ತಾಜಾ ತಿಂಡಿ" ಎಂಬ ಹೋಟೆಲು. ಮೊಣಕಾಲು ನೋವಿನವರು, ಕೂತೇ ತಿನ್ನಬೇಕಾದವರು ಇದ್ದರೆ ಮಯ್ಯಾಸ್ ಹೋಟೆಲು. ವಯಸ್ಸಾದವರನ್ನು ಕರೆತಂದವರಿಗೆ ನಾನು ಹೇಳುವುದೂ ಇದನ್ನೇ: ಹೆಸರಿನ ಹಿಂದೆ ಹೋಗಿ ಅವರನ್ನು ಕ್ಯೂನಲ್ಲಿ ನಿಲ್ಲಿಸಬೇಡಿ. ಕೆರೆ ಹತ್ತಿರದ ಗೇಟಿನಲ್ಲೇ ಹೊರಗೆ ಬಂದು ಜಯನಗರಕ್ಕೆ ಆಟೋ ಹತ್ತಿಸಿ. ಆಟೋ ಆ್ಯಪಿನಲ್ಲಿ ಕರೆಯುವಾಗ ಹತ್ತುವ ಜಾಗಕ್ಕೆ ಬರೀ "ಲಾಲ್‌ಬಾಗ್" ಎಂದು ಕೊಡಬೇಡಿ. ಗೇಟಿನ ಹೆಸರು ಆರಿಸಿ, ಹೊರಗೆ ರಸ್ತೆಗೆ ಬಂದ ಮೇಲೆಯೇ ಬುಕ್ ಮಾಡಿ. ಇಲ್ಲದಿದ್ದರೆ ನೀವು ಸಿದ್ದಾಪುರದ ಕಡೆ, ಆಟೋ ತೋಟದ ಇನ್ನೊಂದು ಬದಿಯ ಡಬಲ್ ರೋಡಿನ ಕಡೆ.